ನೀಲವ್ವನಿಗೆ ಕೇಳಿಸದ ಉತ್ತರ

ಗಂಡು ಹೆಣ್ಣಿನ ಸುಖದ ಮಾತುಗಳನ್ನು ಸರ್ಕಾರದವರು ಮೊದಲು ಫೋನುಗಳಿಂದ ಅಳಿಸಿದರು. ಆಮೇಲೆ ಎಲ್ಲರ ತಲೆಯಲ್ಲೂ ಚಿಪ್ ಕೂರಿಸಿದರು. ಅಂಥ ಮಾತು ಆಡಿದರೆ ಕೇಳಿಸುತ್ತಿರಲಿಲ್ಲ, ಬರೆದರೆ ಕಾಣುತ್ತಿರಲಿಲ್ಲ.

ಗದಗಿನ ಆಸ್ಪತ್ರೆಯೊಂದರಲ್ಲಿ ಹೊಸದಾಗಿ ಮದುವೆಯಾದ ನೀಲವ್ವ ನರ್ಸ್ ಫಿಲೋಮಿನಾಳ ಮುಂದೆ ತಲೆ ತಗ್ಗಿಸಿ ಕೂತಳು.

"ಗಂಡ ಹತ್ರ ಬಂದ್ರ ಜೀವ ಹೋದಂಗ ಆಗ್ತೈತ್ರಿ, ಸಿಸ್ಟರ್. ಸುಮ್ನ ತಡಕೋಬೇಕೇನ್ರಿ?"

"ಬ್ಯಾಡವ್ವಾ!" ಎಂದ ಫಿಲೋಮಿನಾ, ಏನು ಮಾಡಬೇಕು, ಗಂಡನಿಗೆ ಏನು ಹೇಳಬೇಕು, ಹೆಣ್ಣಿಗೂ ಸುಖವಿದೆ ಎಂಬುದನ್ನೆಲ್ಲ ಬಿಡಿಸಿ ಹೇಳಿದಳು.

ನೀಲವ್ವ ಅವಳ ತುಟಿಯನ್ನೇ ನೋಡುತ್ತಿದ್ದಳು. "ಬ್ಯಾಡ ಅಂದ ಮ್ಯಾಲ ಏನೂ ಕೇಳಸವಲ್ದ್ರಿ."

ಫಿಲೋಮಿನಾ ಬೇರೆ ಬೇರೆ ಮಾತು ಹುಡುಕಿ ಮತ್ತೆ ಹೇಳಿದಳು, ಚಿತ್ರ ಬರೆದಳು. ಹಾಳೆ ಖಾಲಿಯಾಗಿಯೇ ಕಂಡಿತು.

"ಇರ್ಲಿ ಬಿಡ್ರಿ," ನೀಲವ್ವ ಸೆರಗು ಹೊದ್ದು ಎದ್ದಳು. "ನಮ್ಮವ್ವನೂ ಹಿಂಗ ತಡಕೊಂಡಿರಬೇಕು."

ಫಿಲೋಮಿನಾ ಬಾಗಿಲವರೆಗೂ ಹೇಳುತ್ತಲೇ ಹೋದಳು. ಅವಳ ದನಿ ಸ್ವತಃ ಅವಳಿಗೂ ಕೇಳಿಸಲಿಲ್ಲ.