ಡುಮ್ಮಕ್ಕ

"ಫೋನ್ ಕೆಳಗಿಡು! ಬರೆದವರು ಯಾರು ಅಂತ ಹುಡುಕೋದು ನಮ್ಮ ಕೆಲಸ ಅಲ್ಲ. ನಿಯಮ ಮುರಿದರೆ ನಿನ್ನ ಪಿಎಚ್‌ಡಿ ಸೀಟು ಹೋಯ್ತು ಅಂತಲೇ ತಿಳ್ಕೋ!" ಗೈಡ್ ಮೇಡಂ ಗದರಿದರು.

"ಹುಡುಕೋದೇನಿದೆ ಮೇಡಂ? ಡುಮ್ಮಕ್ಕ ಅಂತ ನನ್ನನ್ನು ಕರೆಯೋನು ಭೂಮಿ ಮೇಲೆ ನನ್ನ ತಮ್ಮ ಒಬ್ಬನೇ!"

ಜನ ಹೆಸರು ಹೇಳದೆ ಮೊಬೈಲಿನಲ್ಲಿ ಬರೆದು ಕಳಿಸುವ ದಿನದ ಮನಸ್ಥಿತಿಯನ್ನು ಓದುವುದೇ ಆ ವಿದ್ಯಾರ್ಥಿನಿಯ ಸಂಶೋಧನೆ. ಈಗ ತೆರೆಯ ಮೇಲೆ ಹೊಸ ಸಾಲೊಂದು ಬಂದಿತ್ತು: 'ಇವತ್ತಿಗೆ ಎಲ್ಲ ಮುಗಿಸುತ್ತೇನೆ. ಡುಮ್ಮಕ್ಕ ಅಳಬಾರದು.' ಅವಳು ತಮ್ಮನ ನಂಬರು ಒತ್ತಿದಳು. ರಿಂಗಾಯಿತು, ಯಾರೂ ಎತ್ತಲಿಲ್ಲ.

"ನಾಳೆ ಸಂಶೋಧನೆಯ ನೀತಿ ಸಮಿತಿಗೆ ತಿಳಿಸೋಣ, ಕೂತ್ಕೋ."

"ನಾಳೆವರೆಗೆ ಅವನು ಇರಬೇಕಲ್ಲ!"

ಫೋನನ್ನು ಕಿವಿಗೆ ಒತ್ತಿಕೊಂಡೇ ಅವಳು ಬಾಗಿಲು ತಳ್ಳಿ ಓಡಿದಳು. ಸೀಟು ಹೋಯಿತು; ಆ ಕೋಣೆಗೆ ಅವಳು ಮತ್ತೆಂದೂ ಬರಲಿಲ್ಲ.