ಮೊದಲ ಸಾಲಿನ ಬಿಳಿ ಕೈಗವಸು

ಬಂದಿದ್ದಳು! ನಾದಿನಿ ಹೇಳಿದ್ದು ಸುಳ್ಳಾಗಿರಲಿಲ್ಲ. ಮೊದಲ ಸಾಲಿನ ಎಡತುದಿಯ ಕುರ್ಚಿ, ಕಪ್ಪು ಉಡುಪು, ಮೊಣಕೈವರೆಗೆ ಬಿಳಿ ಕೈಗವಸು. ಈ ಸೆಕೆಯಲ್ಲಿ ಕೈಗವಸು ಬೇರೆ ಕೇಡು! ಕೊನೆಯ ಸಾಲಿನಲ್ಲಿ ಕುಳಿತ ಹೆಂಡತಿ ಹಲ್ಲು ಕಡಿದಳು.

ಯಾರ ಹೆಂಡತಿ ಎಂದರೆ, ವೇದಿಕೆಯ ಮೇಲಿದ್ದ ಪಿಯಾನೊ ವಾದಕನ ಹೆಂಡತಿ. ಮದುವೆಗೆ ಮುಂಚೆ ಇದೇ ನಗರಕ್ಕೆ ಒಬ್ಬಳೇ ಬಂದು, ಟಿಕೆಟ್ ಕೊಂಡು, ಇವನ ಸಂಗೀತ ಕೇಳಿ ಮರುಳಾದವಳು. ಮನೆಯವರ ಮಾತು ಮೀರಿ ಕಟ್ಟಿಕೊಂಡವಳು. ಇಂದಿಗೂ ಅವಳ ಪಾಲಿಗೆ ಉಳಿದ ವಾದಕರೆಲ್ಲ ಡಬ್ಬ ಬಡಿಯುವವರು. ಇವತ್ತು ಮತ್ತೆ ಒಬ್ಬಳೇ ಬಂದಿದ್ದಳು, ಅವನಿಗೆ ಹೇಳದೆ. ಆಗ ಅವನು ಸಿಕ್ಕಿದ್ದ. ಈಗ ಕೈತಪ್ಪುತ್ತಿದ್ದ.

ಒಂದು ವರ್ಷದಿಂದ ಮನೆಯಲ್ಲಿ ಅವನು ಅವನಾಗಿರಲಿಲ್ಲ. ಹಿಂದಿನಿಂದ ಕರೆದರೆ ಓಗೊಡುತ್ತಿರಲಿಲ್ಲ. ಎದುರಿಗೆ ನಿಂತು ಕೇಳಿದರೆ ಮಿಕಮಿಕ ಮುಖ ನೋಡಿ ‘ಹೂಂ’ ಎನ್ನುತ್ತಿದ್ದ. ಊರು ಬಿಟ್ಟರೆ ಫೋನಿಲ್ಲ, ಬರೀ ಮೆಸೇಜು. ಒಮ್ಮೆ ಹಾಸಿಗೆಯಲ್ಲಿ ಅವಳು ಬಿಕ್ಕಿ ಬಿಕ್ಕಿ ಅತ್ತಿದ್ದಳು. ಗೋಡೆ ಕಡೆ ಮಗ್ಗುಲಾಗಿದ್ದ ಗಂಡ ತಿರುಗಿಯೂ ನೋಡಿರಲಿಲ್ಲ. ಅದನ್ನು ಮಾತ್ರ ಅವಳಿಗೆ ಕ್ಷಮಿಸಲಾಗಿರಲಿಲ್ಲ.

“ಅತ್ತಿಗೆ, ಅಣ್ಣ ಎಲ್ಲಿ ನುಡಿಸಿದ್ರೂ ಒಬ್ಬಳು ಬರ್ತಾಳೆ. ಅವಳ ಟಿಕೆಟ್ ತೆಗೆಸೋದೂ ಅಣ್ಣನೇ. ನಾನು ಹೇಳ್ದೆ ಅಂತ ಮಾತ್ರ ಹೇಳ್ಬೇಡಿ” ಎಂದಿದ್ದಳು ನಾದಿನಿ. ಬೆಂಕಿಯಿಲ್ಲದೆ ಹೊಗೆಯಾಡೀತೇ?

ದೀಪಗಳೆಲ್ಲ ವೇದಿಕೆಯ ಮೇಲೆ. ಮೊದಲ ಸಾಲಿನ ಹಿಂದೆ ಗವ್ವೆನ್ನುವ ಕತ್ತಲೆ. ಅಲ್ಲಿಂದ ಹೆಂಡತಿ ಎವೆಯಿಕ್ಕದೆ ನೋಡಿದಳು. ಆ ಎಡತುದಿಯ ಕುರ್ಚಿ ನೇರ ಕಣ್ಣಿಗೆ ಬೀಳುವಂತೆ ಅವನು ಪಿಯಾನೊವನ್ನು ಓರೆಯಾಗಿ ಇರಿಸಿಕೊಂಡಿದ್ದ. ಡ್ರಮ್ ಬಾರಿಸುವವನು ಬೆನ್ನ ಹಿಂದೆ ಎಲ್ಲೋ ಇದ್ದ, ಅವನನ್ನು ಕೇಳುವವರೇ ಇಲ್ಲ. ಬಿಳಿ ಕೈಗವಸಿನವಳು ತೊಡೆಯ ಮೇಲೆ ಮೆಲ್ಲಗೆ ಬೆರಳು ತಟ್ಟುತ್ತಿದ್ದಳು. ಇವನ ದೃಷ್ಟಿ ಅಲ್ಲೇ ನೆಟ್ಟಿತ್ತು.

ನುಡಿಸಿ ಮುಗಿಸಿದಾಗ ಚಪ್ಪಾಳೆಯ ಸುರಿಮಳೆ. ಅವನು ಕೂತಲ್ಲಿಂದ ಕದಲಲಿಲ್ಲ. ಆ ಬಿಳಿ ಕೈಗಳು ಮೇಲೆದ್ದು ಚಪ್ಪಾಳೆ ತಟ್ಟಿದ ಮೇಲೆಯೇ ಎದ್ದು ಬಾಗಿದ. ಎಲಾ ಇವನಾ! ಊರೆಲ್ಲ ಮೆಚ್ಚಿದರೂ ಸಾಲದು, ಈ ಮಹಾರಾಣಿ ಮೆಚ್ಚಬೇಕು!

ವಿರಾಮದಲ್ಲಿ ಹೆಂಗಸರ ಶೌಚಾಲಯಕ್ಕೆ ಹೆಂಡತಿ ಅವಳ ಬೆನ್ನಿಗೇ ಹೋದಳು. ಉಳಿದವರು ಹೋಗುವವರೆಗೆ ಕೈ ತೊಳೆಯುತ್ತಲೇ ಇದ್ದಳು. ಆಮೇಲೆ ಕನ್ನಡಿಯ ಮುಂದೆ ಇಬ್ಬರೇ.

“ಹಿಂದಿನಿಂದ ನನಗೇನೂ ಕಾಣಿಸ್ತಿಲ್ಲ. ಸೀಟು ಬದಲಾಯಿಸ್ಕೊಳ್ಳೋಣ್ವಾ?”

“ಬೇರೆ ಏನಾದ್ರೂ ಕೇಳಿ ಅಕ್ಕಾ, ಅದೊಂದು ಬಿಟ್ಟು. ನಾನು ಎದುರಿಗೆ ಇಲ್ದಿದ್ರೆ ಅವರಿಗೆ ಕೈಯೇ ಓಡಲ್ಲ.”

“ಅವರಿಗೆ ಹೆಂಡ್ತಿ ಇದಾರಂತಲ್ಲ?”

ಕೈಗವಸು ಏರಿಸುತ್ತಿದ್ದವಳು ತಲೆ ತಗ್ಗಿಸಿದಳು. “ಇದಾರೆ. ಪಾಪ, ಅವರಿಗೇನೂ ಗೊತ್ತಿಲ್ಲ. ಹೇಳ್ಬಿಡಿ ಹೇಳ್ಬಿಡಿ ಅಂತ ನಾನೂ ಬಡ್ಕೊಂಡಿದೀನಿ. ಅವಳು ತಡ್ಕೊಳ್ಳಲ್ಲ ಅಂತಾರೆ.”

ಆ ‘ಪಾಪ’ ಒಂದಿಲ್ಲದಿದ್ದರೆ ಬಿಟ್ಟುಬಿಡುತ್ತಿದ್ದಳೋ ಏನೋ. ಗಂಡನನ್ನೂ ಕಿತ್ತುಕೊಂಡು ಮೇಲಿಂದ ಕನಿಕರ ಬೇರೆ! ಮೈಯೆಲ್ಲ ಉರಿದುಹೋಯಿತು. ವಿರಾಮ ಮುಗಿದ ಗಂಟೆ ಬಾರಿಸಿದಾಗ ಮೊದಲು ಹೊರಗೆ ಬಂದವಳು ಹೆಂಡತಿ. ಬಾಗಿಲಿಗೆ ಹೊರಗಡೆಯೂ ಒಂದು ಚಿಲಕವಿತ್ತು. ಹಾಕಿದಳು. ಒಳಗಿನಿಂದ ದಬದಬ ಬಡಿಯುವ ಸದ್ದು ಕಾರಿಡಾರಿನುದ್ದಕ್ಕೂ ಬೆನ್ನು ಹತ್ತಿತು. ಅವಳು ನೆಟ್ಟಗೆ ಹೋಗಿ ಮೊದಲ ಸಾಲಿನ ಎಡತುದಿಯಲ್ಲಿ ಕುಳಿತಳು. ನೋಡಲಿ, ಕಣ್ತುಂಬ ನೋಡಲಿ.

ಅವನು ಬಂದ. ಕುರ್ಚಿಯತ್ತ ನೋಡಿದ. ಬೆಚ್ಚಿದ. ತುಟಿ ಮಾತ್ರ ಅಲುಗಿತು. “ಗೊತ್ತಾಯ್ತಾ?”

ಅವಳು ತುಟಿ ಬಿಗಿದು ಹೌದೆಂದು ತಲೆಯಾಡಿಸಿದಳು.

ತಲೆ ತಗ್ಗಿಸುತ್ತಾನೆ ಎಂದುಕೊಂಡಿದ್ದಳು. ಅವನ ಮುಖ ಅರಳಿತು! ಹೊತ್ತ ಹೊರೆ ಇಳಿಸಿದವನ ಹಾಗೆ ಉಸಿರು ಬಿಟ್ಟ. ಕಣ್ಣು ಒದ್ದೆಯಾಗಿತ್ತು. ಪಿಯಾನೊದ ಮೇಲೆ ಕೈಯಿಟ್ಟು ಅವಳನ್ನೇ ನೋಡುತ್ತ ಕಾದ. ಎಷ್ಟು ದಪ್ಪ ಚರ್ಮ ಇವನದು! ಸಿಟ್ಟಿಗೆ ಅವಳ ಬೆರಳುಗಳು ಮಡಿಲ ಚೀಲದ ಮೇಲೆ ಪಟಪಟ ಬಡಿಯತೊಡಗಿದವು. ಅವನು ಶುರುಮಾಡಿದ.

ಅದು ಮದುವೆಯ ಹೊಸದರಲ್ಲಿ ಅವಳಿಗೆಂದೇ ಕಟ್ಟಿದ್ದು. ಮಗುವನ್ನು ತಟ್ಟಿ ಮಲಗಿಸುವಷ್ಟು ನಿಧಾನದ್ದು. ಇವತ್ತು ಓಡುತ್ತಿತ್ತು. ತನಗೆಂದು ಕಟ್ಟಿದ್ದನ್ನೂ ಹೀಗೆ ಹಾಳುಮಾಡುತ್ತಾನಲ್ಲ ಎಂದು ಅವಳ ಬೆರಳು ಇನ್ನೂ ಜೋರಾಯಿತು. ಸಂಗೀತವೂ ಜೋರಾಯಿತು. ಅವನು ಒಮ್ಮೆ ಹುಬ್ಬು ಗಂಟಿಕ್ಕಿದ. ಆದರೂ ಓಡಿದ. ಡ್ರಮ್ಮಿನವನು ಹಿಂದೆಯೇ ಓಡಿ, ಎಡವಿ, ಕೊನೆಗೆ ಕಡ್ಡಿ ಕೆಳಗಿಟ್ಟು ಕೈಚೆಲ್ಲಿ ಕೂತ. ಅವನು ಕಡ್ಡಿ ಕೆಳಗಿಟ್ಟದ್ದೂ ಇವನ ಗಮನಕ್ಕೆ ಬಂದಂತಿರಲಿಲ್ಲ.

“ಕುಡಿದು ಬಂದಿದಾನೆ ಕಣ್ರೋ!” ಕತ್ತಲೆಯಿಂದ ಯಾರೋ ಕೂಗಿದರು. ಸಿಳ್ಳೆ ಎದ್ದಿತು. “ಇಳಿಸ್ರೋ ಅವನನ್ನ!”

ಎಷ್ಟಾದರೂ ಗಂಡ. “ರೀ! ಸಾಕು ನಿಲ್ಲಿಸ್ರೀ!” ಗಂಟಲು ಹರಿಯುವಂತೆ ಕಿರುಚಿದಳು. ಗಾಬರಿಗೆ ಬೆರಳುಗಳು ಚೀಲವನ್ನು ಬಡಿಯುತ್ತಲೇ ಇದ್ದವು. ಅವನು ನಿಲ್ಲಿಸಲಿಲ್ಲ. ಅವನು ನೋಡುತ್ತಿದ್ದದ್ದು ಅವಳ ಮುಖವನ್ನಲ್ಲ, ಬೆರಳುಗಳನ್ನು. ಅವಳಿಗೆ ಅದು ಕಂಡದ್ದು ಆಗಲೇ. ಬೆರಳುಗಳು ತಟ್ಟನೆ ನಿಂತವು.

ಅವನ ಬೆರಳುಗಳೂ ನಿಂತವು.

ಸಭೆಯ ಬೈಗುಳ ಸೂರು ಹಾರಿಸುವಂತಿತ್ತು. ಅದರಲ್ಲಿ ಒಂದು ಸದ್ದೂ ಕೇಳಿಸದ ಅವನು ನಗುತ್ತ ಎದ್ದು, ಇನ್ನು ಬಾಗಬಹುದೇ ಎಂದು ತಿಳಿಯಲು, ಹೆಂಡತಿಯ ಎರಡು ಕೈಗಳನ್ನೇ ನೋಡುತ್ತ ಚಪ್ಪಾಳೆಗಾಗಿ ಕಾದು ನಿಂತ.