ಗಾಡಿಯ ಕಿವಿ

ಕೊಟ್ರೇಶ ತನ್ನ ಬಾಡಿಗೆ ಕಾರಿನ ಸ್ಟೇರಿಂಗಿನ ಕೆಳಗೆ ತಲೆ ತೂರಿಸಿ, ಕಾಲು ಹೊರಗೆ ಚಾಚಿ ಮಲಗಿ ಎರಡು ತಾಸಾಗಿತ್ತು. ಎದೆಯ ಮೇಲಿಟ್ಟ ಮೊಬೈಲಿನಲ್ಲಿ ಯಾರೋ ಹಿಂದಿಯಲ್ಲಿ ಕೆಂಪು ವೈರು, ಕರಿ ವೈರು ಎಂದು ಪಾಠ ಹೇಳುತ್ತಿದ್ದ. ಫೋನು ಕೈಯಲ್ಲಿ ಹಿಡಿಯದೆ ಮಾತಾಡಲು ಸ್ಪೀಕರು, ಮೈಕು ಇರುವ ಕಿಟ್ಟನ್ನು ಹುಬ್ಬಳ್ಳಿಯಿಂದ ತಂದಿದ್ದ. ಹಾಕಿಕೊಡುತ್ತೇನೆಂದ ಅಂಗಡಿಯವನಿಗೆ "ನಾನ ಹಾಕ್ಕೋತೇನಿ ಬಿಡ್ರಿ" ಎಂದು ಎದೆ ಉಬ್ಬಿಸಿ ಬಂದಿದ್ದ. ಗಿರಾಕಿಗಳ ಫೋನು ಬರುವುದೇ ಗಾಡಿ ಓಡುವಾಗ. "ಒಂದ ಕೈಯಾಗ ಫೋನು, ಇನ್ನೊಂದರಾಗ ನಮ್ಮ ಜೀವ ಹಿಡಕೊಂಡು ಹೊಡೀಬ್ಯಾಡೋ ಎಪ್ಪಾ" ಎಂದು ತಾಯಿ ಅಡಿವೆವ್ವ ಹೇಳಿ ಹೇಳಿ ಸೋತಿದ್ದಳು.

ಕೊನೆಯ ಸ್ಕ್ರೂ ಕೂತಿತು. ಕೀಲಿ ತಿರುವಿದ್ದೇ ತಡ, ಸ್ಪೀಕರಿನ ಮೇಲೆ ನೀಲಿ ದೀಪವೊಂದು ಮಿಣಕ್ಕೆಂದಿತು.

"ಹತ್ತೇತಿ! ಎವ್ವಾ, ಹತ್ತೇತಿ ಬಾ ಇಲ್ಲೆ!" ಕೊಟ್ರೇಶ ಎದ್ದ ರಭಸಕ್ಕೆ ತಲೆ ಸ್ಟೇರಿಂಗಿಗೆ ಬಡಿಯಿತು. ಅದೂ ಅವನಿಗೆ ತಿಳಿಯಲಿಲ್ಲ. "ಇದು ಗಾಡೀ ಬಾಯಿ, ಇದರಾಗ ಅವರ ಮಾತು ಬರ್ತೈತಿ. ಇದು ಕಿವಿ, ನಮ್ಮ ಮಾತು ಇದಕ್ಕ ಕೇಳ್ತೈತಿ" ಎಂದು ಕನ್ನಡಿಯ ಪಕ್ಕ ಸಿಕ್ಕಿಸಿದ ಕಡಲೆಕಾಳಿನಷ್ಟು ಮೈಕನ್ನು ತೋರಿಸಿದ.

"ಕಿವಿ ಐತಿ ಅಂದಮ್ಯಾಲ ಅದೂ ಒಂದು ಜೀವ ಅಲ್ಲೇನು? ಬರೇ ಹಣೀಲೆ ಹೊಂಡಬಾರ್ದು ತಡಿ" ಎಂದು ಅಡಿವೆವ್ವ ಒಳಗೆ ಹೋಗಿ ದೇವರ ತಟ್ಟೆ ತಂದಳು. ಸ್ಪೀಕರಿಗೆ ವಿಭೂತಿ ಎಳೆದಳು. ಮೈಕಿನ ನಡುವೆ ಬೊಟ್ಟಿಡಲೆಂದೇ ಕೊರೆದಂತಿದ್ದ ತೂತಿಗೆ ನೀರಲ್ಲಿ ಕಲೆಸಿದ ಕುಂಕುಮವನ್ನು ಭಕ್ತಿಯಿಂದ ಒತ್ತಿ ಇಟ್ಟು ಕೈಮುಗಿದಳು.

ಇನ್ನೆರಡು ದಿನಕ್ಕೆ ನಾಗರಪಂಚಮಿ. ಹಬ್ಬದ ಉಂಡಿ ಕಟ್ಟಲು ಬೇಕಾದ ಬೆಲ್ಲ ತರಲು ತಾಯಿ ಮಗ ಶಿಗ್ಗಾಂವಿಗೆ ಹೊರಟರು. ಕಾರು ದುಂಡಸಿ ದಾಟಿರಲಿಲ್ಲ, ರಿಂಗು ಮೊಳಗಿತು. ಕೊಟ್ರೇಶ ಹಿಗ್ಗಿನಿಂದ ಗುಂಡಿ ಒತ್ತಿದ.

"ಕೊಟ್ರೇಶಾ, ನಿಮ್ಮವ್ವನ ಕಿವಿಗೆ ಫೋನ್ ಹಿಡಿ" ಎಂದಿತು ಗಾಡಿ, ಯಲವಿಗಿಯ ನೀಲಪ್ಪನ ದನಿಯಲ್ಲಿ.

ಅಡಿವೆವ್ವನ ಮುಖ ಗಂಟಿಕ್ಕಿತು. ನೀಲಪ್ಪ ಅವಳ ಒಬ್ಬನೇ ತಮ್ಮ. ಆರು ವರ್ಷದ ಹಿಂದೆ, ಪಂಚಮಿಗೆ ಅಕ್ಕನನ್ನು ಕರೆಯಲು ಮನೆಗೆ ಬರುವ ಬದಲು ಫೋನು ಮಾಡಿದ್ದ. ತಮ್ಮ ಬಂದು ಕರೆಯದೆ ತವರಿನ ಹೊಸ್ತಿಲು ತುಳಿಯುವುದುಂಟೆ? ಅಲ್ಲಿಂದ ಅವಳು ಯಲವಿಗಿ ಕಂಡಿರಲಿಲ್ಲ. ವರುಷವೂ ಅವನು ಫೋನು ಮಾಡುತ್ತಿದ್ದ, ಎರಡು ಮಾತಾಡುವುದರೊಳಗೆ ಇವಳು ಬೈದು ಇಡುತ್ತಿದ್ದಳು. ಇವತ್ತು ಇಡಲು ಕೈಯಲ್ಲಿ ಫೋನೇ ಇಲ್ಲ.

"ಫೋನಿನ್ಯಾಗ ಕರಸಾಕ ನಾನೇನು ಬಾಡಿಗಿ ಕಾರೇನಲೇ?" ಎಂದು ಡ್ಯಾಶ್‌ಬೋರ್ಡಿಗೇ ಗದರಿದಳು.

"ಮಾತಾಡಬ್ಯಾಡಕ್ಕಾ, ಆದ್ರ ಇಡಬ್ಯಾಡ" ಎಂದ ನೀಲಪ್ಪ, ಅವಳು ತುಟಿಯನ್ನೇ ಬಿಚ್ಚಿಲ್ಲವೆಂಬಂತೆ. "ಆ ವರ್ಷ ನಾ ಕರಿಯಾಕ ಬಂದಿದ್ದೆ."

"ಸುಳ್ಳ! ಯಾವಾಗ ಬಂದಿದ್ದಿ?"

"ಸವಣೂರ ಸ್ಟ್ಯಾಂಡಿನ್ಯಾಗ ಬಸ್ಸಿನ ಬೋರ್ಡ ಕಾಣಲಿಲ್ಲ. ಕಣ್ಣ ಮಬ್ಬಾಗ್ಯಾವಕ್ಕಾ. ಯಾರನರ ಕೇಳಬೇಕಂದ್ರ ನಾಚಿಕಿ. ಹತ್ತಿದ್ದು ಹಿರೇಕೆರೂರ ಬಸ್ಸು."

ಕೊಟ್ರೇಶ ಕಾರನ್ನು ಬೇವಿನ ಮರದ ಕೆಳಗೆ ನಿಲ್ಲಿಸಿದ. ಮಾವನಿಗೆ ತಮ್ಮಿಬ್ಬರ ಮಾತು ಕೇಳುತ್ತಿಲ್ಲವೆಂದು ಹೊಳೆದಿತ್ತು. ಮೈಕಿನತ್ತ ನೋಡಿದ: ತೂತಿನ ತುಂಬ ಕುಂಕುಮ ಮೆತ್ತಿತ್ತು. ಒರೆಸಲು ಕೈ ಚಾಚಿದ.

"ಹಿರೇಕೆರೂರಾಗ ಕುಂತು ನಿನಗಂತ ತಂದಿದ್ದ ಉಂಡಿ ನಾನ ತಿಂದೆ" ಎನ್ನುತ್ತಿತ್ತು ಸ್ಪೀಕರು. "ಅಳಕೋತ ತಿಂದೆ. ಬಿತ್ತೋ ಕೂರಿಗಿ ಹಿಡಿಯಾಕ ಊರಿಗೂರ ನನ್ನ ಕರೀತೈತಿ. ನೀಲಪ್ಪನ ಸಾಲು ನೂಲು ಹಿಡದಂಗ ಅಂತಾರ. ಕಣ್ಣಿಲ್ಲ ಅಂತ ಗೊತ್ತಾದ್ರ ಯಾರ ಕರೀತಾರ? ಎತ್ತಿಗೆ ಸಾಲು ಗೊತ್ತೈತಿ, ಅದಕ ನಡದೈತಿ. ವರ್ಷಾ ವರ್ಷಾ ಹೇಳಬೇಕಂತ ಫೋನ್ ಹಚ್ಚತಿದ್ದೆ. ನೀ ಬಿಡತಿದ್ದಿಲ್ಲ."

ಅಡಿವೆವ್ವ ಮಗನ ಮಣಿಕಟ್ಟು ಹಿಡಿದಳು. "ಮುಟ್ಟಬ್ಯಾಡ" ಎಂದು ಪಿಸುಗುಟ್ಟಿದಳು. "ನಾ ಬಾಯಿ ತಗದೆ ಅಂದ್ರ ಅವ ಹೇಳೂದು ನಿಂದ್ರತೈತಿ."

ಸ್ಪೀಕರಿನಲ್ಲಿ ಮೂಗು ಸೀಟಿಕೊಂಡ ಸದ್ದು. ಆಮೇಲೆ ದನಿ ಗಟ್ಟಿಯಾಯಿತು. "ಅಕ್ಕಾ, ಇಷ್ಟೊತ್ತು ನೀ ಸುಮ್ಮನ ಕೇಳಿದ್ದು ಹುಟ್ಟಿದಾಗಿಂದ ಇದ ಮೊದಲ. ಹತ್ತರ ತನಕ ಎಣಸ್ತೇನಿ. ಪಂಚಮಿಗೆ ಬರೂದಿಲ್ಲ ಅನ್ನೂದಿದ್ರ ಅಷ್ಟರಾಗ ಅಂದುಬಿಡು. ಸುಮ್ಮನಿದ್ದಿ ಅಂದ್ರ ಬರ್ತಿ ಅಂತ ತಿಳಕೋತೇನಿ. ಒಂದೂ..."

ಏನು ಒದರಿದರೂ ಆಚೆ ಕೇಳದೆಂದು ಗೊತ್ತಿದ್ದೂ ಅಡಿವೆವ್ವ ಸೆರಗಿನ ತುದಿಯನ್ನು ಮುದ್ದೆ ಮಾಡಿ ಬಾಯಿಗೆ ಒತ್ತಿಕೊಂಡಳು. ಕಣ್ಣು ತುಂಬಿ ಹರಿಯುತ್ತಿತ್ತು, ಭುಜ ನಗುವಿನಿಂದ ಕುಣಿಯುತ್ತಿತ್ತು. ಕೊಟ್ರೇಶನೂ ಉಸಿರು ಬಿಗಿಹಿಡಿದ.

"ಐದೂ... ಆರೂ..."

ಏಳರವರೆಗೆ ನಿಧಾನಕ್ಕೆ, ತೂಕ ಮಾಡಿದಂತೆ ಎಣಿಸಿದ ನೀಲಪ್ಪ, ಅಕ್ಕ ಎಲ್ಲಿ ಬಾಯಿ ತೆರೆದುಬಿಡುತ್ತಾಳೋ ಎಂಬಂತೆ ಉಳಿದ ಮೂರನ್ನೂ ಒಂದೇ ಉಸಿರಿನಲ್ಲಿ ಮುಗಿಸಿ ಫೋನು ಇಟ್ಟುಬಿಟ್ಟ.